ಆಡ್ಮಿನ್ ಪರದೆಯಲ್ಲಿ ನಮೂನೆಯ ಕಲಂ ಜೋಡಣೆ

ದತ್ತಾಂಶ ತುಂಬುವ ನೌಕರನ ಪರದೆಯ ಮೇಲೆ ಯಾವ ಕಲಂ ಮೊದಲು ಬರಬೇಕು, ಯಾವುವು ಒಂದೇ ಸಾಲಿನಲ್ಲಿ ಕೂರಬೇಕು, ಯಾವುದು ಓದಲಷ್ಟೇ ಸಿಗಬೇಕು, ಯಾವುದು ಮಡಚಿಕೊಂಡಿರಬೇಕು ಎಂದು ಗೊತ್ತುಪಡಿಸುವ ಕೆಲಸವೇ ಕಲಂ ಜೋಡಣೆ. ಜಾಂಗೋದಂಥ ವೆಬ್ ಚೌಕಟ್ಟುಗಳು ದತ್ತಾಂಶದ ವಿವರಣೆ ಕೊಟ್ಟರೆ ಸಾಕು, ಆಡ್ಮಿನ್ ಪರದೆಯನ್ನು ತಾವೇ ಕಟ್ಟಿಕೊಡುತ್ತವೆ. ಹಾಗೆ ಸಿಕ್ಕ ಪರದೆ ಕಲಂಗಳನ್ನು ಮೇಲಿನಿಂದ ಕೆಳಗೆ ಒಂದೇ ಸಾಲಾಗಿ ಇಳಿಸುತ್ತದೆ. ಅದನ್ನು ಊರಿನ ವ್ಯವಹಾರಕ್ಕೆ ತಕ್ಕಂತೆ ತಿದ್ದಬೇಕಾದವರು ತಂತ್ರಾಂಶ ಬರೆಯುವವರು. ಇದನ್ನು ಅಂದಚೆಂದದ ಕೆಲಸವೆಂದು ಕೊನೆಗೆ ತಳ್ಳುವ ರೂಢಿಯಿದೆ. ಅದು ತಪ್ಪು. ದಾಖಲೆಯಲ್ಲಿ ಯಾರ ಹೆಸರು ಹೇಗೆ ಕೂರುತ್ತದೆ, ಯಾವ ಲೆಕ್ಕ ತಾಳೆಯಾಗುತ್ತದೆ, ಯಾವ ತಪ್ಪು ಹತ್ತಾರು ವರ್ಷ ಉಳಿದುಬಿಡುತ್ತದೆ ಎಂಬುದರ ದೊಡ್ಡ ಪಾಲು ಈ ಜೋಡಣೆಯಲ್ಲೇ ತೀರ್ಮಾನವಾಗುತ್ತದೆ. ದೂಧಗಂಗಾ ದಂಡೆಯ ಸದಲಗಾ ಮತ್ತು ಸುತ್ತಲಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಇದಕ್ಕೆ ಮನೆಮನೆಯಲ್ಲೂ ಒಂದು ಉದಾಹರಣೆ ಸಿಗುತ್ತದೆ: ಹೊಲದ ಹಕ್ಕಿನ ದಾಖಲೆಯಾದ ಉತಾರಾ.

ಕಾಗದದ ನಮೂನೆಯಿಂದ ಪರದೆಗೆ

ಮುಂಬಯಿ ಪ್ರಾಂತದಲ್ಲಿ 1903ರಲ್ಲಿ ಹಕ್ಕು ದಾಖಲೆಯ ಕಾಯಿದೆ ಬಂದಾಗ ಚಿಕ್ಕೋಡಿ ಮತ್ತು ಅಥಣಿ ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಚಂದಗಡ ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಏಳು ಮತ್ತು ಹನ್ನೆರಡನೆಯ ಗ್ರಾಮ ನಮೂನೆಗಳು ಕೂಡಿದ ಸಾತ್‌ಬಾರಾ ಉತಾರಾ ಉಳಿಯಿತು. ಈಚೆ 1964ರ ಕರ್ನಾಟಕ ಭೂಕಂದಾಯ ಕಾಯಿದೆ ಮತ್ತು 1966ರ ನಿಯಮಗಳ ಪ್ರಕಾರ ನಮೂನೆ 16 ಬಂತು. ಸರ್ಕಾರಿ ಹೆಸರು ಪಹಣಿಯಾದರೂ ಇಲ್ಲಿನ ಜನ ಈಗಲೂ ಅದನ್ನು ಉತಾರಾ ಎಂದೇ ಕೇಳುತ್ತಾರೆ.

ನಮೂನೆ 16ರಲ್ಲಿ ಕಲಂಗಳ ಸಂಖ್ಯೆಯೇ ಒಂದು ಭಾಷೆ. ಸರ್ವೆ ನಂಬರ್ ಮತ್ತು ಹಿಸ್ಸಾ ಮೊದಲು, 3ನೆಯ ಕಲಮಿನಲ್ಲಿ ವಿಸ್ತೀರ್ಣ ಮತ್ತು ಖರಾಬು, 9ರಲ್ಲಿ ಕಬ್ಜೆದಾರನ ಹೆಸರು, ತಂದೆಯ ಹೆಸರು, ವಿಳಾಸ, 10ರಲ್ಲಿ ಸ್ವಾಧೀನ ಬಂದ ಬಗೆ, 11ರಲ್ಲಿ ಇತರ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿದಾರ ಮತ್ತು ಬೆಳೆ. ವಕೀಲರು, ಬ್ಯಾಂಕಿನವರು, ಸೊಸೈಟಿ ಕಾರ್ಯದರ್ಶಿಗಳು ಮಾತಾಡುವುದೇ ಈ ಸಂಖ್ಯೆಗಳಲ್ಲಿ. ‘ಹನ್ನೊಂದರಲ್ಲಿ ಬೋಜಾ ಇದೆ’ ಎಂದರೆ ಹೊಲದ ಮೇಲೆ ಸಾಲ ಏರಿದೆ ಎಂದರ್ಥ. ಕಾಗದದ ಮೇಲಿನ ಒಂದು ಕಲಂ ಎಷ್ಟು ತೂಕ ಹೊರಬಲ್ಲದು ಎಂಬುದನ್ನು ಭೂಸುಧಾರಣೆ ತೋರಿಸಿತು. 1974ರ ಮಾರ್ಚ್ 1ಕ್ಕೆ ಗೇಣಿ ಪದ್ಧತಿ ರದ್ದಾಗಿ, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದಾಗ, ಪಹಣಿಯ 12ನೆಯ ಕಲಮಿನಲ್ಲಿ ತಮ್ಮ ಹೆಸರಿದ್ದವರಿಗೆ ಅದೇ ದೊಡ್ಡ ಆಧಾರವಾಯಿತು. ಉತ್ತವನ ಹೆಸರಿಗೆ ನಮೂನೆಯಲ್ಲಿ ಪ್ರತ್ಯೇಕ ಜಾಗ ಇತ್ತೆಂಬ ಕಾರಣಕ್ಕೇ ಆ ಆಧಾರ ಹುಟ್ಟಿದ್ದು.

2000ದ ದಶಕದ ಆರಂಭದಲ್ಲಿ ಕಂದಾಯ ಇಲಾಖೆ ‘ಭೂಮಿ’ ಯೋಜನೆಯಡಿ ಈ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ತಂತ್ರಾಂಶ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ್ದು. ಯೋಜನೆಯನ್ನು ಮುನ್ನಡೆಸಿದ ಅಧಿಕಾರಿ ರಾಜೀವ್ ಚಾವ್ಲಾ. ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ತಾಲ್ಲೂಕು ಕೌಂಟರಿನಲ್ಲಿ 15 ರೂಪಾಯಿಗೆ ಸಿಗುವಂತಾದವು. ಹುಡುಕುವ ಪರದೆಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಆಮೇಲೆ ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಎಂಬ ಸರಣಿ ಬಂತು. ಸರ್ನೋಕ್ ಎಂಬ ಕಲಂ ಬಹುತೇಕ ಕಡೆ ಬರೀ ನಕ್ಷತ್ರ ಚಿಹ್ನೆ ತೋರಿಸುತ್ತದೆ. ಕೌಂಟರಿನಾಚೆ ನಿಂತ ರೈತನಿಗೆ ಅದೇನೆಂದು ಯಾರೂ ಹೇಳುವುದಿಲ್ಲ. ಒಂದು ಸಾಲಿನ ಸಹಾಯ ಪಠ್ಯ ಇದ್ದಿದ್ದರೆ ಆ ಗೊಂದಲ ಇರುತ್ತಿರಲಿಲ್ಲ.

‘ಭೂಮಿ’ ಜಾಂಗೋದಲ್ಲಿ ಬರೆದದ್ದಲ್ಲ, ಅದಕ್ಕಿಂತ ಹಳೆಯದು. ಆದರೆ ಆಡ್ಮಿನ್ ಪರದೆಯ ಜೋಡಣೆಯಲ್ಲಿ ಎದುರಾಗುವ ಪ್ರಶ್ನೆಗಳೆಲ್ಲ ನಮೂನೆ 16ರಲ್ಲಿ ಇರುವುದರಿಂದ ಮುಂದಿನ ವಿವರಣೆಗೆ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಜಾಂಗೋ ಆಡ್ಮಿನ್

ಜಾಂಗೋ ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಜರ್ನಲ್-ವರ್ಲ್ಡ್ ಎಂಬ ದಿನಪತ್ರಿಕೆಯ ಕಚೇರಿಯಲ್ಲಿ. 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಪೈಥಾನ್ ಭಾಷೆಯಲ್ಲಿ ಅದನ್ನು ಬರೆಯತೊಡಗಿದರು. ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್‌ನ ಹೆಸರಿಟ್ಟು 2005ರ ಜುಲೈನಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಲಾಯಿತು. ಪತ್ರಿಕೆಯ ಸಂಪಾದಕರು ಪ್ರೋಗ್ರಾಂ ಬರೆಯುವವರಲ್ಲ, ಆದರೂ ಸುದ್ದಿ, ಫಲಿತಾಂಶ, ಕಾರ್ಯಕ್ರಮಪಟ್ಟಿ ತುಂಬಬೇಕು. ಅವರಿಗಾಗಿ ಕಟ್ಟಿದ್ದೇ ಆಡ್ಮಿನ್. ಮೊದಲಿಗೆ ಪರದೆಯ ಜೋಡಣೆಯನ್ನೂ ದತ್ತಾಂಶದ ವಿವರಣೆಯೊಳಗೇ ಬರೆಯಬೇಕಿತ್ತು. 2008ರ ಸೆಪ್ಟೆಂಬರ್‌ನಲ್ಲಿ ಬಂದ 1.0 ಆವೃತ್ತಿ ಎರಡನ್ನೂ ಬೇರ್ಪಡಿಸಿತು. ಜೋಡಣೆ ‘ಮಾಡೆಲ್‌ಆಡ್ಮಿನ್’ ಎಂಬ ಪ್ರತ್ಯೇಕ ವರ್ಗಕ್ಕೆ ಹೋಯಿತು. ಈ ಬೇರ್ಪಡಿಕೆಯೇ ಇಡೀ ವಿಷಯದ ಬೆನ್ನೆಲುಬು: ದತ್ತಾಂಶ ಏನು ಎಂಬುದು ಒಂದು ಕಡೆ, ಅದನ್ನು ತುಂಬುವವನಿಗೆ ಹೇಗೆ ಕಾಣಬೇಕು ಎಂಬುದು ಇನ್ನೊಂದು ಕಡೆ.

ಏನೂ ಹೇಳದಿದ್ದರೆ ಆಡ್ಮಿನ್ ತಿದ್ದಬಹುದಾದ ಎಲ್ಲ ಕಲಂಗಳನ್ನೂ ಮಾಡೆಲ್‌ನಲ್ಲಿ, ಅಂದರೆ ದತ್ತಾಂಶದ ವಿವರಣೆಯಲ್ಲಿ, ಬರೆದ ಅನುಕ್ರಮದಲ್ಲೇ ತೋರಿಸುತ್ತದೆ. ‘ಫೀಲ್ಡ್ಸ್’ ಎಂಬ ಪಟ್ಟಿ ಕೊಟ್ಟರೆ ಅನುಕ್ರಮ ಬದಲಾಗುತ್ತದೆ. ಆ ಪಟ್ಟಿಯೊಳಗೆ ಕೆಲವು ಹೆಸರುಗಳನ್ನು ಮತ್ತೊಂದು ಆವರಣದಲ್ಲಿ ಕೂಡಿಸಿದರೆ ಅವು ಒಂದೇ ಸಾಲಿನಲ್ಲಿ ಕಾಣುತ್ತವೆ. ‘ಫೀಲ್ಡ್‌ಸೆಟ್ಸ್’ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ. ಪ್ರತಿ ಗುಂಪಿಗೂ ತಲೆಬರಹ, ಕಲಂಗಳು, ವಿವರಣೆ ಮತ್ತು ‘ವೈಡ್’, ‘ಕೊಲ್ಯಾಪ್ಸ್’ನಂಥ ಶೈಲಿಯ ಹೆಸರು ಕೊಡಬಹುದು. ‘ಕೊಲ್ಯಾಪ್ಸ್’ ಎಂದರೆ ಗುಂಪು ಮಡಚಿಕೊಂಡಿರುತ್ತದೆ. ಅದರೊಳಗೆ ತಪ್ಪು ನಮೂದಿದ್ದರೆ ಮಾತ್ರ ತೆರೆದೇ ಬರುತ್ತದೆ. 5.1ನೆಯ ಆವೃತ್ತಿಯಿಂದ ಈ ಮಡಚುವಿಕೆಗೆ ಜಾವಾಸ್ಕ್ರಿಪ್ಟ್ ಬೇಕಿಲ್ಲ. ‘ಫೀಲ್ಡ್ಸ್’ ಮತ್ತು ‘ಫೀಲ್ಡ್‌ಸೆಟ್ಸ್’ ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ, ಒಂದು ಕಲಂ ಎರಡು ಬಾರಿ ಬರುವಂತಿಲ್ಲ. ಎರಡನ್ನೂ ಜಾಂಗೋ ತನ್ನ ತಪಾಸಣೆಯಲ್ಲಿ ಹಿಡಿದು ನಿಲ್ಲಿಸುತ್ತದೆ.

ನಮೂನೆ 16ನ್ನು ಹೀಗೆ ಕಟ್ಟುವಾಗ ಮೊದಲ ಗುಂಪಿನಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಒಂದು ಸಾಲು, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಇನ್ನೊಂದು ಸಾಲು. ಕಬ್ಜೆದಾರರು ಎಷ್ಟು ಜನರೋ ಗೊತ್ತಿಲ್ಲ, ಆದ್ದರಿಂದ 9 ಮತ್ತು 10ನೆಯ ಕಲಂಗಳು ‘ಇನ್‌ಲೈನ್’ ಆಗಿ, ಅಂದರೆ ಮುಖ್ಯ ದಾಖಲೆಯ ಕೆಳಗೇ ಸೇರುವ ಉಪದಾಖಲೆಗಳಾಗಿ ಬರಬೇಕು. ಇನ್‌ಲೈನ್‌ನಲ್ಲಿ ಎರಡು ಬಗೆ: ಕೋಷ್ಟಕದ ರೂಪದ ‘ಟ್ಯಾಬ್ಯುಲರ್’, ಪ್ರತಿ ಉಪದಾಖಲೆಯ ಕಲಂಗಳು ಒಂದರ ಕೆಳಗೊಂದು ನಿಲ್ಲುವ ‘ಸ್ಟ್ಯಾಕ್ಡ್’. ವಾರ್ಸಾ (ವಾರಸುದಾರರ ನೋಂದಣಿ) ಆದ ಮೇಲೆ ಅಣ್ಣತಮ್ಮಂದಿರ ಹೆಸರು, ಪಾಲು ಅಡ್ಡಸಾಲಿನಲ್ಲಿ ಒಂದರ ಕೆಳಗೊಂದು ಕಂಡರೆ ಹೋಲಿಸುವುದು ಸುಲಭ, ಅಲ್ಲಿ ಟ್ಯಾಬ್ಯುಲರ್ ಸರಿ. ಬೋಜಾದ ವಿವರಣೆ ಉದ್ದದ ಬರಹ: ಯಾವ ಸಂಘ, ಎಷ್ಟು ಮೊತ್ತ, ಯಾವ ಮ್ಯುಟೇಶನ್ (ಹಕ್ಕು ಬದಲಾವಣೆಯ ನಮೂದು). ಅದನ್ನು ಕೋಷ್ಟಕದಲ್ಲಿ ತುರುಕಿದರೆ ಅಕ್ಷರಗಳು ಮೂರು ಮೂರಾಗಿ ಮುರಿಯುತ್ತವೆ, ಅಲ್ಲಿ ಸ್ಟ್ಯಾಕ್ಡ್ ಬೇಕು. ಜಾಂಗೋ ತಾನಾಗಿ ಮೂರು ಖಾಲಿ ಸಾಲುಗಳನ್ನು ಕೊಡುತ್ತದೆ. ಹಕ್ಕಿನ ದಾಖಲೆಯಲ್ಲಿ ಖಾಲಿ ಸಾಲು ಆಹ್ವಾನವಿದ್ದಂತೆ, ಅದನ್ನು ಸೊನ್ನೆ ಮಾಡುವುದೇ ಒಳ್ಳೆಯದು. ಬೇಕಾದವರು ಗುಂಡಿ ಒತ್ತಿ ಸೇರಿಸಿಕೊಳ್ಳಲಿ.

ಸಾವಿರಾರು ಹೆಸರುಗಳಿರುವ ಕಡೆ ಕೆಳಗಿಳಿಯುವ ಪಟ್ಟಿ ಕೆಲಸಕ್ಕೆ ಬಾರದು. 2.0 ಆವೃತ್ತಿಯಿಂದ ಬಂದಿರುವ ‘ಆಟೋಕಂಪ್ಲೀಟ್ ಫೀಲ್ಡ್ಸ್’ ಎರಡಕ್ಷರ ಬರೆದೊಡನೆ ಹುಡುಕಿಕೊಡುತ್ತದೆ. ಆಯ್ಕೆಗಳು ಮೂರು ನಾಲ್ಕೇ ಇದ್ದರೆ ‘ರೇಡಿಯೋ ಫೀಲ್ಡ್ಸ್’ ಒಳ್ಳೆಯದು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಉಗಾರದ ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ಕಬ್ಬು ನೋಂದಣಿಯ ಪರದೆ ಕಟ್ಟುವವರಿಗೆ ಇದು ಉಪಯುಕ್ತ. ಕಬ್ಬು ಅಡಸಾಲಿಯೋ, ಸುರುವೋ, ಕೂಳೆಯೋ ಎಂಬುದು ಒಂದು ಒತ್ತಿನಲ್ಲಿ ಮುಗಿಯಬೇಕು. ಕೂಳೆ ಎಂದರೆ ನಾಟಿ ದಿನಾಂಕದ ಬದಲು ಹಿಂದಿನ ಕಟಾವಿನ ದಿನಾಂಕ ಕೇಳಬೇಕು. ಹೀಗೆ ಒಂದು ಉತ್ತರವನ್ನು ನೋಡಿ ಮುಂದಿನ ಕಲಂ ಅಡಗಿಸುವ ಸೌಕರ್ಯ ಆಡ್ಮಿನ್‌ನಲ್ಲಿ ಸಿದ್ಧವಾಗಿಲ್ಲ. ‘ಮೀಡಿಯಾ’ ಎಂಬ ಒಳವರ್ಗದ ಮೂಲಕ ಸ್ವಂತ ಸ್ಕ್ರಿಪ್ಟ್ ಸೇರಿಸಿ ಅದನ್ನು ಮಾಡಿಕೊಳ್ಳಬೇಕು.

ಎಕರೆ, ಗುಂಟೆ, ಆಣೆ

ಜೋಡಣೆ ಮತ್ತು ಲೆಕ್ಕ ಎರಡೂ ಒಂದೇ ಎನ್ನುವಷ್ಟು ಹೆಣೆದುಕೊಂಡಿರುವ ಜಾಗ ವಿಸ್ತೀರ್ಣದ ಕಲಂ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಅನುಭವವಿಲ್ಲದ ಪ್ರೋಗ್ರಾಮರ್ ಇದಕ್ಕೆ ದಶಮಾಂಶದ ಒಂದು ಕಲಂ ಇಟ್ಟುಬಿಡುತ್ತಾನೆ. ನೌಕರ ಅದರಲ್ಲಿ ಎರಡು ಎಕರೆ ಇಪ್ಪತ್ತು ಗುಂಟೆಗೆ 2.20 ಎಂದೂ, ಒಂದು ಎಕರೆ ಮೂವತ್ತು ಗುಂಟೆಗೆ 1.30 ಎಂದೂ ಬರೆಯುತ್ತಾನೆ. ಯಂತ್ರ ಕೂಡಿಸಿ 3.50 ಎನ್ನುತ್ತದೆ. ಸರಿಯಾದ ಉತ್ತರ ನಾಲ್ಕು ಎಕರೆ ಹತ್ತು ಗುಂಟೆ. ಯಾರೂ ಸುಳ್ಳು ಬರೆದಿಲ್ಲ, ಆದರೂ ದಾಖಲೆ ಸುಳ್ಳಾಯಿತು.

ದಾರಿ ಇದೆ. ದತ್ತಾಂಶದಲ್ಲಿ ಒಟ್ಟು ಆಣೆಗಳನ್ನು ಒಂದೇ ಪೂರ್ಣಾಂಕವಾಗಿ ಇಡಬೇಕು, ಎಕರೆಗೆ 640 ಆಣೆಯಂತೆ. ಪರದೆಯಲ್ಲಿ ಮಾತ್ರ ಎಕರೆ, ಗುಂಟೆ, ಆಣೆ ಎಂಬ ಮೂರು ಚಿಕ್ಕ ಮನೆಗಳು ಒಂದೇ ಸಾಲಿನಲ್ಲಿ ಕಾಣಬೇಕು. ಜಾಂಗೋದ ‘ಮಲ್ಟಿವಿಜೆಟ್’ ಮತ್ತು ‘ಮಲ್ಟಿವ್ಯಾಲ್ಯೂಫೀಲ್ಡ್’ ಇರುವುದೇ ಇದಕ್ಕೆ. ತೋರಿಸುವಾಗ ಒಂದನ್ನು ಮೂರಾಗಿ ಒಡೆಯುವುದು ‘ಡಿಕಂಪ್ರೆಸ್’, ಉಳಿಸುವಾಗ ಮೂರನ್ನು ಒಂದು ಮಾಡುವುದು ‘ಕಂಪ್ರೆಸ್’. ಗುಂಟೆಯ ಮನೆಯಲ್ಲಿ 39ಕ್ಕಿಂತ, ಆಣೆಯ ಮನೆಯಲ್ಲಿ 15ಕ್ಕಿಂತ ಹೆಚ್ಚು ಬರೆದರೆ ಅಲ್ಲೇ ತಡೆಯಬಹುದು. ಅ ಖರಾಬು ಸಾಗುವಳಿಗೆ ಬಾರದ ನೆಲ, ಬ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಈ ಎರಡನ್ನೂ ಒಟ್ಟು ವಿಸ್ತೀರ್ಣದ ಮಗ್ಗುಲಲ್ಲೇ ಇಡಬೇಕು. ಕಳೆದು ಉಳಿದದ್ದನ್ನು ನೌಕರ ಬರೆಯಬಾರದು, ಯಂತ್ರವೇ ಲೆಕ್ಕ ಹಾಕಿ ಓದಲು ಮಾತ್ರ ತೋರಿಸಬೇಕು.

ಕರ್ನಾಟಕದ ಕಂದಾಯ ಕಚೇರಿಗಳಲ್ಲಿ ‘3 ಮತ್ತು 9ರ ಹೊಂದಾಣಿಕೆ’ ಎಂಬ ಮಾತು ಬಹುಕಾಲದಿಂದ ಇದೆ. 3ನೆಯ ಕಲಮಿನ ವಿಸ್ತೀರ್ಣಕ್ಕೂ 9ನೆಯ ಕಲಮಿನಲ್ಲಿ ಹಕ್ಕುದಾರರ ಹೆಸರಿನ ಮುಂದೆ ಬರೆದ ವಿಸ್ತೀರ್ಣಗಳ ಮೊತ್ತಕ್ಕೂ ತಾಳೆಯಿಲ್ಲದ ಪಹಣಿಗಳನ್ನು ತಿದ್ದುವುದಕ್ಕೆ ಆ ಹೆಸರು. ರೈತ ಹೊಲ ಮಾರಲು ಅಥವಾ ವಾಟ್ನಿ (ಪಾಲು) ಮಾಡಿಸಲು ಹೋದಾಗ ಇದು ಎದುರಾಗಿ ತಿಂಗಳುಗಟ್ಟಲೆ ಅಲೆಸುತ್ತದೆ. ಕಾಗದದ ಕಾಲದಲ್ಲಿ ತಾಳೆ ನೋಡುವ ಕೆಲಸ ತಲಾಠಿಯ (ಗ್ರಾಮ ಲೆಕ್ಕಿಗನ) ಕೈಯಲ್ಲಿತ್ತು. ಆಡ್ಮಿನ್‌ನಲ್ಲಾದರೆ ಇನ್‌ಲೈನ್ ಗುಂಪಿನ ‘ಕ್ಲೀನ್’ ವಿಧಾನದೊಳಗೆ ಕೆಲವೇ ಸಾಲುಗಳಲ್ಲಿ ಇದನ್ನು ಬರೆಯಬಹುದು: ಅಳಿಸಲು ಗುರುತಿಸಿದ ಸಾಲುಗಳನ್ನು ಬಿಟ್ಟು ಉಳಿದ ಪಾಲುಗಳನ್ನು ಕೂಡಿಸು, ಮುಖ್ಯ ದಾಖಲೆಯ ವಿಸ್ತೀರ್ಣಕ್ಕೆ ಸಮವಾಗದಿದ್ದರೆ ಉಳಿಸಬೇಡ. ಜೊತೆಗೆ 3 ಮತ್ತು 9 ಪರದೆಯ ಮೇಲೆ ಒಂದರ ಕೆಳಗೊಂದು ಕಾಣುವಂತಿರಬೇಕು, ನಡುವೆ ಮಣ್ಣಿನ ನಮೂನೆ, ಮರಗಳ ವಿವರ, ನೀರಾವರಿ ಬರಬಾರದು. ಕಾಗದದ ಅನುಕ್ರಮವನ್ನು ಕಣ್ಣುಮುಚ್ಚಿ ನಕಲು ಮಾಡುವವರು ಎಡವುವುದು ಇಲ್ಲೇ. ಕಲಂ ಸಂಖ್ಯೆಗಳನ್ನು ತಲೆಬರಹದಲ್ಲಿ ಉಳಿಸಿಕೊಂಡು ಅನುಕ್ರಮವನ್ನು ಬದಲಿಸಬಹುದು. ಅಚ್ಚಿನ ಪ್ರತಿ ಹಳೆಯ ಕ್ರಮದಲ್ಲೇ ಇರಲಿ.

ಹೆಸರು ಮತ್ತು ಊರು

ಜಾಂಗೋ ತನ್ನ ಬಳಕೆದಾರರ ಮಾಡೆಲ್‌ನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಕಲಂ ಇಟ್ಟಿದೆ. ಸದಲಗಾ ಸೀಮೆಯಲ್ಲಿ ಹೆಸರಿಗೆ ಮೂರು ಭಾಗ: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಮದುವೆಯಾದ ಹೆಣ್ಣುಮಕ್ಕಳಿಗೆ ನಡುವಿನದು ಗಂಡನ ಹೆಸರಾಗುವುದೂ ಉಂಟು. ಪಾಟೀಲ ಎಂಬ ಅಡ್ಡಹೆಸರಿನಿಂದ ಹುಡುಕಿದರೆ ಒಂದೇ ಊರಿನಲ್ಲಿ ಪುಟಗಟ್ಟಲೆ ಜನ ಸಿಗುತ್ತಾರೆ, ಗುರುತು ಹಿಡಿಸುವುದು ತಂದೆಯ ಹೆಸರೇ. ಆದ್ದರಿಂದ ಮೂರೂ ಕಲಂಗಳು ಒಂದೇ ಸಾಲಿನಲ್ಲಿ ಇದೇ ಕ್ರಮದಲ್ಲಿ ಇರಬೇಕು, ಹುಡುಕಾಟಕ್ಕೂ ಮೂರನ್ನೂ ಸೇರಿಸಬೇಕು. ದಕ್ಷಿಣ ಕರ್ನಾಟಕದಲ್ಲಿ ಇನಿಶಿಯಲ್ ಮುಂದೆ ಬರುತ್ತದೆ, ಅಡ್ಡಹೆಸರು ಇಲ್ಲದವರೇ ಹೆಚ್ಚು. ಬೆಂಗಳೂರಿನಲ್ಲಿ ಕೂತು ಬರೆದ ಪರದೆ ಗಡಿಭಾಗಕ್ಕೆ ಒಗ್ಗದಿರಲು ಇದೂ ಒಂದು ಕಾರಣ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ರಾಜ್ಯದಾದ್ಯಂತ ನಡೆದಾಗ ಪಹಣಿಯ ಕನ್ನಡದ ಹೆಸರನ್ನು ಆಧಾರ್‌ನ ಇಂಗ್ಲಿಷ್ ಹೆಸರಿನೊಂದಿಗೆ ಹೋಲಿಸಬೇಕಾಯಿತು. ಅಂಥ ಕೆಲಸಕ್ಕೆ ಎರಡೂ ಲಿಪಿಯ ಕಲಂಗಳು ಪಕ್ಕಪಕ್ಕದಲ್ಲಿ, ಒಂದೇ ನೋಟಕ್ಕೆ ಸಿಗುವಂತೆ ಇರಬೇಕು.

ಊರಿನ ಕಲಂ ಸರಳವೆಂದು ಕಾಣುತ್ತದೆ, ಅಲ್ಲ. 2017ರ ಮಾರ್ಚ್ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ನಿಪ್ಪಾಣಿ ಮತ್ತು ಕಾಗವಾಡ ಸೇರಿದ್ದವು. ಚಿಕ್ಕೋಡಿಯ ಹಳ್ಳಿಗಳು ನಿಪ್ಪಾಣಿಗೆ, ಅಥಣಿಯ ಹಳ್ಳಿಗಳು ಕಾಗವಾಡಕ್ಕೆ ಹೋದವು. ತಾಲ್ಲೂಕಿನ ಹೆಸರನ್ನು ಪ್ರತಿ ದಾಖಲೆಯಲ್ಲೂ ಅಕ್ಷರಗಳಲ್ಲಿ ಬರೆಸಿಟ್ಟ ತಂತ್ರಾಂಶಗಳಿಗೆ ಅದು ದೊಡ್ಡ ತಲೆನೋವು. ಗ್ರಾಮವನ್ನು ಮಾತ್ರ ಆರಿಸಲು ಬಿಟ್ಟು, ತಾಲ್ಲೂಕನ್ನು ಗ್ರಾಮದಿಂದಲೇ ಪಡೆದು ಓದಲು ಮಾತ್ರ ತೋರಿಸುವ ಜೋಡಣೆಯಲ್ಲಿ ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಸರಿಯಾಗುತ್ತದೆ.

ಕನ್ನಡಕ್ಕೆ ವಿಶೇಷವಾದ ತೊಡಕುಗಳು

ಜಾಂಗೋದ ಭಾಷಾಪಟ್ಟಿಯಲ್ಲಿ ಕನ್ನಡವೂ ಮರಾಠಿಯೂ ಇವೆ. ಕಲಂಗಳ ಹೆಸರನ್ನು ಅನುವಾದಕ್ಕೆ ಒಳಪಡುವಂತೆ ಬರೆದರೆ ಒಂದೇ ಪರದೆ ಎರಡೂ ಭಾಷೆಗಳಲ್ಲಿ ಕಾಣುತ್ತದೆ. ಆದರೆ ಆಡ್ಮಿನ್‌ನ ಶೈಲಿಕಡತ ಕಲಂ ಹೆಸರಿಗೆ ಬಿಡುವ ಅಗಲ ಸುಮಾರು 160 ಪಿಕ್ಸೆಲ್. ‘ಸ್ವಾಧೀನತೆ ಹೊಂದಿದ ರೀತಿ’ ಎಂಬಷ್ಟು ಉದ್ದದ ಹೆಸರು ಅಲ್ಲಿ ಎರಡು ಸಾಲಿಗೆ ಒಡೆಯುತ್ತದೆ. ‘ವೈಡ್’ ಶೈಲಿ ಕೊಡಬೇಕು, ಇಲ್ಲವೇ ಸಣ್ಣ ಹೆಸರಿಟ್ಟು ವಿವರಣೆಯನ್ನು ಸಹಾಯ ಪಠ್ಯಕ್ಕೆ ಸರಿಸಬೇಕು.

ಅಂಕಿಗಳ ವಿಷಯದಲ್ಲಿ ಪೈಥಾನ್ ಉದಾರಿ: ೨೦ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೂ ಅದನ್ನು ಇಪ್ಪತ್ತೆಂದೇ ಓದುತ್ತದೆ. ಆದರೆ ಪೂರ್ಣಾಂಕದ ಕಲಮಿಗೆ ಜಾಂಗೋ ಇಡುವ ಸಂಖ್ಯೆಯ ಮನೆಯಲ್ಲಿ ಬ್ರೌಸರ್ ಸಾಮಾನ್ಯವಾಗಿ ಕನ್ನಡ ಅಂಕಿಯನ್ನು ಒಪ್ಪುವುದಿಲ್ಲ. ಆ ಮನೆಯನ್ನು ಸಾದಾ ಪಠ್ಯದ ಮನೆಯಾಗಿ ಬದಲಿಸಿದರೆ ತೊಡಕು ನಿವಾರಣೆಯಾಗುತ್ತದೆ. ಅಂಥ ಎಲ್ಲ ಕಲಂಗಳಿಗೂ ಒಮ್ಮೆಗೇ ಬದಲಿಸಲು ‘ಫಾರ್ಮ್‌ಫೀಲ್ಡ್ ಓವರ್‌ರೈಡ್ಸ್’ ಇದೆ.

ವೆಬ್ ವಿಳಾಸಕ್ಕಾಗಿ ಶೀರ್ಷಿಕೆಯಿಂದ ಸ್ಲಗ್ ತಯಾರಿಸುವ ‘ಸ್ಲಗಿಫೈ’ ಎಂಬ ಜಾಂಗೋ ಸೌಕರ್ಯ ಕನ್ನಡಕ್ಕೆ ಅನ್ಯಾಯವನ್ನೇ ಮಾಡುತ್ತದೆ. ಯುನಿಕೋಡ್ ಅಕ್ಷರಗಳಿಗೆ ಅನುಮತಿ ಕೊಟ್ಟ ಮೇಲೂ ಪೈಥಾನ್ ಗುಣಿತದ ಚಿಹ್ನೆಗಳನ್ನು ಅಕ್ಷರವೆಂದು ಎಣಿಸದ ಕಾರಣ ಅವು ಉದುರಿಹೋಗುತ್ತವೆ. ‘ಚಿಕ್ಕೋಡಿ’ ಎಂಬುದು ‘ಚಕಕಡ’ ಆಗುತ್ತದೆ. ಕನ್ನಡದ ಶೀರ್ಷಿಕೆಯಿಂದ ಸ್ಲಗ್ ತುಂಬಿಸಲು ಹೋಗದೆ ಊರಿನ ಸಂಕೇತ ಸಂಖ್ಯೆಯನ್ನು ಬಳಸುವುದೇ ಕ್ಷೇಮ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಕಡತಗಳನ್ನೂ ಯುನಿಕೋಡ್‌ಗೆ ಪರಿವರ್ತಿಸದೆ ಈ ಮನೆಗಳಲ್ಲಿ ಅಂಟಿಸುವಂತಿಲ್ಲ.

ಯಾರಿಗೆ ಯಾವ ಕಲಂ

ಆಡ್ಮಿನ್‌ನಲ್ಲಿ ಪ್ರತಿ ಮಾಡೆಲ್‌ಗೆ ಸೇರಿಸುವ, ತಿದ್ದುವ, ಅಳಿಸುವ, ನೋಡುವ ಎಂಬ ನಾಲ್ಕು ಅನುಮತಿಗಳಿವೆ. ನೋಡುವ ಅನುಮತಿ 2.1ರಲ್ಲಿ ಬಂದದ್ದು. ಕಲಂ ಮಟ್ಟದ ಅನುಮತಿ ಇಲ್ಲ, ಅದನ್ನು ಜೋಡಣೆಯಿಂದಲೇ ಸಾಧಿಸಬೇಕು. ‘ಗೆಟ್ ಫೀಲ್ಡ್‌ಸೆಟ್ಸ್’ ಮತ್ತು ‘ಗೆಟ್ ರೀಡ್‌ಓನ್ಲಿ ಫೀಲ್ಡ್ಸ್’ ಎಂಬ ವಿಧಾನಗಳಿಗೆ ಯಾರು ಕೇಳುತ್ತಿದ್ದಾರೆ, ಯಾವ ದಾಖಲೆ ಎಂಬುದು ಗೊತ್ತಿರುತ್ತದೆ. ಬೆಳೆ ಬರೆಯುವ ಸಿಬ್ಬಂದಿಗೆ 12ನೆಯ ಕಲಂ ಮಾತ್ರ ತೆರೆದಿದ್ದು ಉಳಿದವು ಓದಲು ಸಿಗಲಿ. ಮ್ಯುಟೇಶನ್ ಮಂಜೂರಾದ ಮೇಲೆ 9ನೆಯ ಕಲಂ ಯಾರಿಗೂ ತಿದ್ದಲು ಬಾರದಿರಲಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದಂಥ ಹೊತ್ತಿನಲ್ಲಿ ಬೆಳೆಹಾನಿ ತುಂಬುವವರು ಅವಸರದಲ್ಲಿರುತ್ತಾರೆ, ಅವರ ಮುಂದೆ ಇಡೀ ನಮೂನೆ ಬಿಚ್ಚಿಡುವುದು ತಪ್ಪಿಗೆ ದಾರಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಓದಲು ಮಾತ್ರ ಎಂದು ಘೋಷಿಸಿದ ಕಲಂ ಉಳಿಸಬೇಕಾದ ನಮೂನೆಯಿಂದಲೇ ಹೊರಗಿರುವುದರಿಂದ ಯಾರಾದರೂ ಬೇರೆ ಮೌಲ್ಯ ಕಳಿಸಿದರೂ ಜಾಂಗೋ ಅದನ್ನು ತೆಗೆದುಕೊಳ್ಳುವುದಿಲ್ಲ. ಸ್ಕ್ರಿಪ್ಟ್‌ನಿಂದ ಕಣ್ಣಿಗೆ ಮರೆಮಾಡಿದ ಕಲಮಿಗೆ ಈ ರಕ್ಷಣೆಯಿಲ್ಲ. ಕಾಣದ್ದು ಬದಲಾಗದು ಎಂದು ನಂಬಿ ಹಕ್ಕಿನ ದಾಖಲೆ ಕಟ್ಟುವುದು ಅಪಾಯಕಾರಿ. ಹಾಗೆಯೇ ತಾಳೆಯ ನಿಯಮಗಳನ್ನು ಪರದೆಯಲ್ಲಿ ಮಾತ್ರ ಬರೆದು ನಿಲ್ಲಿಸಬಾರದು. ಕಡತದಿಂದ ಸಗಟಾಗಿ ಏರಿಸುವ ದಾಖಲೆ ಈ ಪರದೆಯನ್ನು ಮುಟ್ಟುವುದೇ ಇಲ್ಲ.

ಬೇರೆ ಚೌಕಟ್ಟುಗಳು, ಮಿತಿಗಳು

ಇಷ್ಟಕ್ಕೂ ಸಾಲದಿದ್ದರೆ ಆಡ್ಮಿನ್‌ನ ಟೆಂಪ್ಲೇಟ್ ಕಡತಗಳನ್ನೇ ಬದಲಿಸಬಹುದು. ಹಾಗೆ ಮಾಡಿದವರು ಜಾಂಗೋದ ಪ್ರತಿ ಹೊಸ ಆವೃತ್ತಿಗೂ ಮತ್ತೆ ಹೊಂದಿಸಬೇಕಾಗುತ್ತದೆ. ಆಡ್ಮಿನ್ ಸಂಸ್ಥೆಯ ಒಳಗಿನ ಬಳಕೆಗೆ, ಸಾರ್ವಜನಿಕರ ಪರದೆಗಲ್ಲ ಎಂದು ಜಾಂಗೋದ ಕೈಪಿಡಿಯೇ ಹೇಳುತ್ತದೆ. ರೈತ ತಾನೇ ಅರ್ಜಿ ತುಂಬುವ ಪರದೆಗೆ ಬೇರೆ ವಿನ್ಯಾಸ ಬೇಕು. ರೈಲ್ಸ್‌ಗೆ ಆಕ್ಟಿವ್ ಆಡ್ಮಿನ್, ಲಾರಾವೆಲ್‌ಗೆ ನೋವಾ ಮತ್ತು ಫಿಲಮೆಂಟ್ ಇವೆ. ಮುಂಬಯಿಯಲ್ಲಿ ಹುಟ್ಟಿದ ಫ್ರಾಪೆ ಚೌಕಟ್ಟಿನಲ್ಲಿ ಕೋಡ್ ಬರೆಯದೆ ಪರದೆಯ ಮೇಲೇ ವಿಭಾಗ, ಕಂಬಗಳನ್ನು ಒಡೆದು ಕಲಂ ಜೋಡಿಸಬಹುದು. ತಂತ್ರಾಂಶ ಬಲ್ಲವರು ಕಚೇರಿಯಲ್ಲಿ ಇಲ್ಲದ ಸಹಕಾರಿ ಸಂಘಗಳಿಗೆ ಅದು ಹೆಚ್ಚು ಅನುಕೂಲ. ಹಕ್ಕು, ಲೆಕ್ಕ, ತಾಳೆ ಬಿಗಿಯಾಗಿರಬೇಕಾದ ಕಡೆ ಜಾಂಗೋದ ಕೋಡ್‌ನಲ್ಲಿ ಬರೆದ ಜೋಡಣೆಯೇ ಮೇಲು. ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದು ಕೋಡ್‌ನ ಇತಿಹಾಸದಲ್ಲಿ ಉಳಿಯುತ್ತದೆ.

ಜಾಂಗೋದ ಅಧಿಕೃತ ಪಾಠದ ಏಳನೆಯ ಭಾಗ ಮತದಾನದ ಪ್ರಶ್ನೆ ಮತ್ತು ಆಯ್ಕೆಗಳ ಒಂದು ಪುಟ್ಟ ಉದಾಹರಣೆಯಿಂದ ಫೀಲ್ಡ್‌ಸೆಟ್ ಮತ್ತು ಇನ್‌ಲೈನ್ ಕಲಿಸುತ್ತದೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವವರು ಆ ಪಾಠ ಮುಗಿದ ಮೇಲೆ ತಮ್ಮ ಮನೆಯ ಉತಾರಾವನ್ನು ಮುಂದಿಟ್ಟುಕೊಂಡು ಅದೇ ಕೆಲಸವನ್ನು ಇನ್ನೊಮ್ಮೆ ಮಾಡಬೇಕು. ಕೋಡ್ ಬರೆಯುವ ಮೊದಲು ಅಪ್ಪನನ್ನೋ ಅಜ್ಜನನ್ನೋ ಕೂರಿಸಿಕೊಂಡು ಪ್ರತಿ ಕಲಮಿನ ಅರ್ಥ ಕೇಳಿ ಬರೆದುಕೊಳ್ಳಬೇಕು.